47ನೆಯ ಕೀರ್ತನೆಯನ್ನು ಸಭೆಯ ಬಾಯಿಗೆ ತಂದ ಬಗೆ

ಪುನರುತ್ಥಾನದ ಹಬ್ಬದಿಂದ 40ನೆಯ ದಿನಕ್ಕೆ ಬರುವ ಕ್ರಿಸ್ತನ ಸ್ವರ್ಗಾರೋಹಣದ ಆರಾಧನೆಗಾಗಿ, ಬೆಂಗಳೂರಿನ ನಮ್ಮ ಕನ್ನಡ ಸಭೆಯಲ್ಲಿ ಹಾಡಲು ನಾನು ಬೈಬಲಿನ 47ನೆಯ ಕೀರ್ತನೆಗೆ ರಾಗ ಸಂಯೋಜಿಸಿದೆನು. ದೇವಾಲಯದ ಗಾಯಕರಾಗಿದ್ದ ಕೋರಹೀಯರ ಹೆಸರಿನಲ್ಲಿರುವ ಈ ಕೀರ್ತನೆಯಲ್ಲಿರುವುದು ಒಂಬತ್ತೇ ವಚನಗಳು. ಆದರೆ ಅದು ದೇವರನ್ನು ಸಮಸ್ತ ಭೂಲೋಕದ ಅರಸನೆಂದು ಸಾರಿ, ಆತನ ಮುಂದೆ ಚಪ್ಪಾಳೆ ತಟ್ಟಿ ಹರ್ಷಿಸುವಂತೆ ಎಲ್ಲ ಜನಾಂಗಗಳನ್ನೂ ಕರೆಯುತ್ತದೆ. ಯೆಹೂದ್ಯರು ತಮ್ಮ ಹೊಸ ವರ್ಷದ ಹಬ್ಬದಲ್ಲಿ ಕೊಂಬು ಊದುವುದಕ್ಕೆ ಮೊದಲು ಇದನ್ನು ಏಳು ಸಲ ಪಠಿಸುತ್ತಾರೆ. ದೇವರು ಜಯಘೋಷದೊಡನೆ ಏರಿಹೋದನೆಂದು ಐದನೆಯ ವಚನ ಹೇಳುವುದರಿಂದ ಕ್ರೈಸ್ತರು ಇದನ್ನು ಸ್ವರ್ಗಾರೋಹಣದ ದಿನ ಹಾಡುತ್ತಾರೆ.

ಚಪ್ಪಾಳೆಯ ಕರೆ ಬಂದಿರುವುದು ಜನಾಂಗಗಳಿಗೆ, ಗಾಯನ ತಂಡಕ್ಕೆ ಮಾತ್ರವಲ್ಲ. ಆದ್ದರಿಂದ ಸಭೆಯೇ ಮುಖ್ಯ ಗಾಯಕನಾಗಬೇಕೆಂದು ನಿಶ್ಚಯಿಸಿ ಆದಿತಾಳವನ್ನು ಆರಿಸಿಕೊಂಡೆನು. ಅದರ ಎಂಟು ಎಣಿಕೆಗಳಲ್ಲಿ ಒಂದು, ಐದು, ಏಳರ ಮೇಲೆ ಕೈ ತಟ್ಟಬೇಕು. ತಬಲಾದವರು ಆ ಮೂರು ಪೆಟ್ಟುಗಳನ್ನೇ ಎತ್ತಿ ನುಡಿಸಿದರೆ, ಸಂಗೀತ ಕಲಿಯದ ಅಜ್ಜಿಯರೂ ಭಾನುವಾರದ ಶಾಲೆಯ ಮಕ್ಕಳೂ ತಾಳ ತಪ್ಪುವುದಿಲ್ಲ. ರಾಗ ಮೋಹನ. ಐದೇ ಸ್ವರಗಳ ಈ ರಾಗದಲ್ಲಿ ಉಲ್ಲಾಸವೂ ಇದೆ, ಗಾಂಭೀರ್ಯವೂ ಇದೆ. ಅರಸನ ಸನ್ನಿಧಿಯಲ್ಲಿ ಹಾಡುವಾಗ ಇವೆರಡೂ ಬೇಕೆಂಬುದು ನನ್ನ ದೃಢವಾದ ನಂಬಿಕೆ. ಐದನೆಯ ವಚನದಲ್ಲಿ ಮಾತ್ರ ಸ, ರಿ, ಗ, ಪ, ದ ಎಂದು ಮೆಟ್ಟಿಲುಮೆಟ್ಟಿಲಾಗಿ ತಾರ ಷಡ್ಜವನ್ನು, ಅಂದರೆ ಮೇಲಿನ ಸ್ಥಾಯಿಯ ಸ ಸ್ವರವನ್ನು, ಮುಟ್ಟುವಂತೆ ಮಾಡಿ, ಅಲ್ಲಿ ತುತೂರಿಯನ್ನು ಸೇರಿಸಿದೆನು. ಹಿರಿಯರ ಕಂಠಕ್ಕೂ ಆ ಸ್ವರ ಎಟುಕಲೆಂದು ಹಾರ್ಮೋನಿಯಂನ ಶ್ರುತಿಯನ್ನು ತಗ್ಗಿಸಿಟ್ಟೆವು.

ನಾನು ಹೆಚ್ಚು ಯೋಚಿಸಿದ್ದು ಮೂರನೆಯ ವಚನದ ಕುರಿತು. ದೇವರು ಜನಾಂಗಗಳನ್ನು ಅಧೀನಪಡಿಸುವನೆಂಬ ಆ ಮಾತನ್ನು ನೆರೆಯವರ ಮೇಲಿನ ಗೆಲುವಿನ ಘೋಷಣೆಯಂತೆ ಅಬ್ಬರದಿಂದ ಹಾಡುವುದು ಸರಿಯಲ್ಲ. ಏಕೆಂದರೆ ಕೊನೆಯ ವಚನದಲ್ಲಿ ಅದೇ ಜನಾಂಗಗಳ ಪ್ರಭುಗಳು ಅಬ್ರಹಾಮನ ದೇವರ ಪ್ರಜೆಯಾಗಿ ಕೂಡಿಬರುತ್ತಾರೆ. ಹೀಗಾಗಿ ಮೂರನೆಯ ವಚನವನ್ನು ಚಪ್ಪಾಳೆಯಿಲ್ಲದೆ, ತಗ್ಗಿದ ಸ್ವರದಲ್ಲಿ ಹಾಡಿಸಿ, ಪೂರ್ಣ ಧ್ವನಿಯನ್ನು ಒಂಬತ್ತನೆಯದಕ್ಕೆ ಉಳಿಸಿಕೊಂಡೆನು. ಆರನೆಯ ವಚನದಲ್ಲಿ ಹಾಡಿರೆಂಬ ಕರೆ ನಾಲ್ಕು ಸಲ ಬರುತ್ತದೆ. ಅದನ್ನು ಗಂಡಸರು, ಹೆಂಗಸರು, ಯುವಜನರು, ಮಕ್ಕಳು ಒಬ್ಬರಾದ ಮೇಲೊಬ್ಬರು ಎತ್ತಿಕೊಂಡರು. ತಿಳಿದು ಹಾಡಬೇಕೆಂದು ಏಳನೆಯ ವಚನವೇ ಹೇಳುವುದರಿಂದ, ಅಭ್ಯಾಸದ ಸಂಜೆಗಳಲ್ಲಿ ಹಾಡುವುದಕ್ಕೆ ಮೊದಲು ಇಡೀ ಕೀರ್ತನೆಯನ್ನು ಓದಿ ಅರ್ಥಮಾಡಿಕೊಳ್ಳುವ ಕ್ರಮವಿಟ್ಟುಕೊಂಡಿದ್ದೆವು.

ನಮ್ಮ ಸಭೆಯಲ್ಲಿ ತಮಿಳು, ತೆಲುಗು, ತುಳು ಮನೆಮಾತಿನ ಕುಟುಂಬಗಳೂ ಇವೆ. ಕೊನೆಯ ವಚನವನ್ನು ಮೊದಲು ಅವರು ತಂತಮ್ಮ ಭಾಷೆಯಲ್ಲಿ ಓದಿದರು, ಬಳಿಕ ಎಲ್ಲರೂ ಕನ್ನಡದಲ್ಲಿ ಹಾಡಿದೆವು. ಹಾಡು ಮುಗಿದೊಡನೆ ಸಭಾಪಾಲಕರು ಯುದ್ಧದಲ್ಲಿ ನಲುಗುತ್ತಿರುವ ದೇಶಗಳನ್ನೂ ಅವುಗಳನ್ನು ಆಳುವವರನ್ನೂ ಹೆಸರಿಸಿ ಇತರರಿಗಾಗಿ ಮಾಡುವ ಮಧ್ಯಸ್ಥ ಪ್ರಾರ್ಥನೆಯನ್ನು ಆರಂಭಿಸಿದರು.