ಚಿತ್ರ ಸಿಕ್ಕಿತು, ಸರಣಿ ಎಲ್ಲಿ?

ಹುಡುಕುವ ಪೆಟ್ಟಿಗೆಯಲ್ಲಿ 'ವಿಚಿತ್ರ ಫೋಟೊಗಳು' ಎಂದು ಟೈಪ್ ಮಾಡಿದವರಿಗೆ ಸಿಗುವುದು 'ನೀವು ನಂಬಲಾರದ 30 ಚಿತ್ರಗಳು' ಎಂಬಂಥ ಪಟ್ಟಿ. ಎರಡು ಚಿತ್ರಕ್ಕೊಂದು ಜಾಹೀರಾತು. ಉಳಿದದ್ದೆಲ್ಲ ಯಾರದೋ ಫೋಟೊ ಸರಣಿಯಿಂದ ಕಿತ್ತು ತಂದ ಬಿಡಿ ಚಿತ್ರಗಳು. ತೆಗೆದವರ ಹೆಸರಿಲ್ಲ, ಯಾವ ವರ್ಷದ್ದೆಂದು ಗೊತ್ತಿಲ್ಲ, ಯಾಕೆ ತೆಗೆದರೆಂಬುದಂತೂ ಇಲ್ಲವೇ ಇಲ್ಲ. ನೋಡಿ ನಕ್ಕು ಮುಂದೆ ಹೋಗುವವರಿಗೆ ಅಷ್ಟು ಸಾಕು. ತಾನೂ ಒಂದು ಸರಣಿ ಮಾಡಬೇಕು, ಅದಕ್ಕೊಂದು ಎಳೆ ಸಿಕ್ಕರೆ ಸಾಕು ಎನ್ನುವವರು ಬೇರೆ ರೀತಿಯಲ್ಲಿ ಹುಡುಕಬೇಕು.

1. ನಿಯಮವನ್ನು ಹುಡುಕಿ

ಫೋಟೊ ಯೋಜನೆ, ಅಂದರೆ ಸರಣಿ, ನಿಂತಿರುವುದು ನಿಯಮದ ಮೇಲೆ. ಅಮೆರಿಕದ ಛಾಯಾಗ್ರಾಹಕ ನಿಕೋಲಸ್ ನಿಕ್ಸನ್ 1975ರಿಂದ 2022ರವರೆಗೆ ತಮ್ಮ ಹೆಂಡತಿಯನ್ನೂ ಆಕೆಯ ಮೂವರು ಸಹೋದರಿಯರನ್ನೂ ವರ್ಷವರ್ಷವೂ ಒಟ್ಟಿಗೆ ನಿಲ್ಲಿಸಿ ಚಿತ್ರ ತೆಗೆದರು. ಪ್ರತಿ ಚಿತ್ರದಲ್ಲೂ ನಾಲ್ವರು ನಿಲ್ಲುವ ಕ್ರಮ ಒಂದೇ. ಯಾವುದೋ ಒಂದು ವರ್ಷದ ಚಿತ್ರವನ್ನಷ್ಟೇ ನೋಡಿದರೆ ನಾಲ್ವರು ಹೆಂಗಸರು ಕಾಣುತ್ತಾರೆ. ಎಲ್ಲವನ್ನೂ ಸಾಲಾಗಿ ನೋಡಿದರೆ ವಯಸ್ಸು ಹೇಗೆ ಬರುತ್ತದೆ ಎಂಬುದು ಕಾಣುತ್ತದೆ.

ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ನೀರಿನ ಗೋಪುರ, ಗಣಿಬಾವಿಯ ಗೋಪುರ, ಊದುಕುಲುಮೆಗಳನ್ನು ದಶಕಗಳ ಕಾಲ ಚಿತ್ರಿಸಿದರು. ಮೋಡ ಕವಿದ ಬೆಳಕು, ಕಪ್ಪು-ಬಿಳುಪು, ಜನರಿಲ್ಲ, ಕ್ಯಾಮೆರಾ ನೇರ. ಒಂಬತ್ತೋ ಹದಿನೈದೋ ಚಿತ್ರಗಳನ್ನು ಚೌಕಳಿಯಾಗಿ ಜೋಡಿಸಿದಾಗ ಒಂದು ಗೋಪುರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಅಮೆರಿಕದ ಕಲಾವಿದೆ ಪೆನೆಲೊಪಿ ಉಂಬ್ರಿಕೊ ಕ್ಯಾಮೆರಾವನ್ನೇ ಮುಟ್ಟಲಿಲ್ಲ. 2006ರಲ್ಲಿ ಫೋಟೊ ಹಂಚಿಕೊಳ್ಳುವ ತಾಣ ಫ್ಲಿಕರ್‌ನಲ್ಲಿ ಸೂರ್ಯಾಸ್ತ ಎಂದು ಹುಡುಕಿದಾಗ 5,41,795 ಚಿತ್ರಗಳು ಬಂದವು. ಬೇರೆಯವರು ತೆಗೆದ ಆ ಚಿತ್ರಗಳಿಂದ ಸೂರ್ಯನನ್ನಷ್ಟೇ ಕತ್ತರಿಸಿ, ಅಂಚೆ ಕಾರ್ಡಿನಷ್ಟು ದೊಡ್ಡದಾಗಿ ಮುದ್ರಿಸಿ, ಗೋಡೆ ತುಂಬ ಅಂಟಿಸಿದರು.

ಆದ್ದರಿಂದ 'ಅದ್ಭುತ', 'ವಿಚಿತ್ರ', 'ಕ್ರಿಯೇಟಿವ್' ಎಂಬ ಪದಗಳನ್ನು ಕೈಬಿಡಿ. ಯಾವ ಛಾಯಾಗ್ರಾಹಕರೂ ತಮ್ಮ ಕೆಲಸವನ್ನು ಹಾಗೆ ಕರೆದುಕೊಳ್ಳುವುದಿಲ್ಲ, ಪಟ್ಟಿ ಮಾಡಿ ಹೊಟ್ಟೆ ಹೊರೆಯುವ ತಾಣಗಳು ಮಾತ್ರ ಕರೆಯುತ್ತವೆ. ಆ ವಲಯದವರೇ ಬಳಸುವ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಒಂದೇ ಬಗೆಯ ವಸ್ತುಗಳನ್ನು ಒಂದೇ ರೀತಿ ಚಿತ್ರಿಸಿದ್ದರೆ ಅದು ಟೈಪಾಲಜಿ. ಹಳೆಯ ಚಿತ್ರ ತೆಗೆದ ಜಾಗದಲ್ಲೇ ನಿಂತು ಮತ್ತೆ ತೆಗೆದರೆ ರಿಫೋಟೋಗ್ರಫಿ. ಸಂತೆಯಲ್ಲೋ ಅಟ್ಟದಲ್ಲೋ ಸಿಕ್ಕ ಅನಾಮಿಕರ ಚಿತ್ರಗಳು ಫೌಂಡ್ ಫೋಟೋಗ್ರಫಿ. ಮನೆಮಂದಿ ತಮಗಾಗಿ ತೆಗೆದುಕೊಂಡವು ವರ್ನ್ಯಾಕ್ಯುಲರ್. ಇವುಗಳ ಜೊತೆ ನಿಮಗೆ ಬೇಕಾದ ವಸ್ತುವನ್ನು ಸೇರಿಸಿ: ಬಾಗಿಲು ಮತ್ತು ಟೈಪಾಲಜಿ, ಸೇತುವೆ ಮತ್ತು ರಿಫೋಟೋಗ್ರಫಿ. ಇನ್ನೂ ಮುಗಿಯದ ಕೆಲಸದ ಮುಂದೆ ಛಾಯಾಗ್ರಾಹಕರು 'ಆನ್‌ಗೋಯಿಂಗ್' ಎಂದು ಬರೆದುಕೊಳ್ಳುತ್ತಾರೆ. 'ಆನ್‌ಗೋಯಿಂಗ್ ಸೀರೀಸ್' ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಅವರ ಸ್ವಂತ ತಾಣಗಳೇ ಮೇಲೆ ಬರುತ್ತವೆ.

'365' ಎಂದು ಮಾತ್ರ ಹುಡುಕಬೇಡಿ. ದಿನಕ್ಕೊಂದು ಚಿತ್ರದ ಅಭ್ಯಾಸ ಮಾಡಿದವರ ಕಾಫಿ ಲೋಟಗಳ ರಾಶಿಯೇ ಬಂದು ಬೀಳುತ್ತದೆ, ಅರ್ಧಕ್ಕೆ ನಿಂತವೂ ಬೇಕಾದಷ್ಟು.

2. ಬೇಡದ್ದನ್ನು ಸೋಸಿ

ಬೇಡದ ಪದದ ಎಡಕ್ಕೆ ಅಂತರ ಬಿಡದೆ ಮೈನಸ್ ಗುರುತು ಹಾಕಿ. ಮೊದಲು ಹೊರಗೆ ಕಳಿಸಬೇಕಾದದ್ದು ಪಿಂಟರೆಸ್ಟ್, ಆಮೇಲೆ 'ಸ್ಟಾಕ್' (ಮಾರಾಟದ ಸಿದ್ಧ ಚಿತ್ರಗಳು) ಮತ್ತು 'ಪ್ರೀಸೆಟ್' (ಚಿತ್ರ ತಿದ್ದುವ ಸಿದ್ಧ ಹೊಂದಿಕೆಗಳು). ಪಿಂಟರೆಸ್ಟ್ ಚಿತ್ರಗಳನ್ನು ಕೂಡಿಡಲು ಅನುಕೂಲವೇ. ಆದರೆ ಒಬ್ಬರ ಫಲಕದಿಂದ ಇನ್ನೊಬ್ಬರ ಫಲಕಕ್ಕೆ ಹಾರುತ್ತ ಹೋದ ಚಿತ್ರದ ಮೂಲ ಕೊಂಡಿ ಸತ್ತಿರುವುದೇ ಹೆಚ್ಚು. ಹಳೆಯ ಯೋಜನೆ ಬೇಕಿದ್ದರೆ 'ಬಿಫೋರ್' ಎಂದು ಬರೆದು ಕೋಲನ್ ಹಾಕಿ ವರ್ಷ ಸೇರಿಸಿ.

3. ಬಾವಿ ಆರಿಸಿ

ಮೊದಲು ದಾಖಲೆ ಸಂಗ್ರಹಗಳಿಗೆ ಹೋಗಿ, ಇನ್‌ಸ್ಟಾಗ್ರಾಂ ಕೊನೆಗಿರಲಿ. ಇನ್‌ಸ್ಟಾಗ್ರಾಂನಲ್ಲಿ ಸರಣಿಯ ಚಿತ್ರ, ಮದುವೆಯ ಕೆಲಸ, ಸಾಕಿದ ನಾಯಿ ಎಲ್ಲವೂ ಒಂದೇ ಚೌಕಳಿಯಲ್ಲಿ ಕಲಸಿಹೋಗಿರುತ್ತವೆ. ಎಲ್ಲಿ ಆರಂಭ, ಎಲ್ಲಿ ಅಂತ್ಯ ತಿಳಿಯುವುದಿಲ್ಲ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್‌ನ ಸಂಗ್ರಹವಿದೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರವೇ ಛಾಯಾಗ್ರಾಹಕರನ್ನು ಹಳ್ಳಿಗಳಿಗೆ ಕಳಿಸಿ ತೆಗೆಸಿದ್ದು. ಕಪ್ಪು-ಬಿಳುಪಿನ ನೆಗೆಟಿವ್‌ಗಳೇ ಸುಮಾರು 1,75,000. ಇಲ್ಲಿ ಪ್ರಸಿದ್ಧ ಚಿತ್ರಗಳಿಗಿಂತ ತಿರಸ್ಕೃತ ಚಿತ್ರಗಳನ್ನು ನೋಡಬೇಕು. ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್ ಬೇಡವೆನಿಸಿದ ಎಷ್ಟೋ ನೆಗೆಟಿವ್‌ಗಳಿಗೆ ಪಂಚ್‌ನಿಂದ ತೂತು ಹೊಡೆಸುತ್ತಿದ್ದರು. ರೈತನ ಮುಖದ ಮೇಲೆ, ಆಕಾಶದ ನಡುವೆ, ಮಗುವಿನ ಕಾಲ ಬಳಿ ದುಂಡನೆಯ ಕರಿ ಚುಕ್ಕೆ. ಇವಕ್ಕೆ 'ಕಿಲ್ಡ್ ನೆಗೆಟಿವ್ಸ್' ಎಂದು ಹೆಸರು. ಹೆಚ್ಚಿನವಕ್ಕೆ ಶೀರ್ಷಿಕೆಯಿಲ್ಲದ ಕಾರಣ 'ಅನ್‌ಟೈಟಲ್ಡ್' ಎಂದು ಹುಡುಕಬೇಕಾಗುತ್ತದೆ. ಇದೇ ಸಂಗ್ರಹವನ್ನು ಭೂಪಟದ ಮೇಲೆ ಹರಡಿ ತೋರಿಸುವ ಫೋಟೋಗ್ರಾಮರ್ ಎಂಬ ತಾಣವೂ ಇದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು.

2008ರಲ್ಲಿ ಆರಂಭವಾದ ಫ್ಲಿಕರ್ ಕಾಮನ್ಸ್‌ನಲ್ಲಿ ಹಲವು ದೇಶಗಳ ಗ್ರಂಥಾಲಯ, ವಸ್ತುಸಂಗ್ರಹಾಲಯಗಳ ಹಳೆಯ ಚಿತ್ರಗಳಿವೆ. ಸ್ಮಿತ್ಸೋನಿಯನ್‌ನ ಸಂಗ್ರಹದಲ್ಲಿ ವಿಲ್ಸನ್ ಬೆಂಟ್ಲಿ ತೆಗೆದ ಹಿಮಹರಳುಗಳಿವೆ. ಅಮೆರಿಕದ ವರ್ಮಾಂಟ್‌ನ ಈ ರೈತ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರಲ್ಲಿ ಮೊದಲ ಹರಳನ್ನು ಸೆರೆಹಿಡಿದರು. ಬದುಕಿಡೀ ಅದನ್ನೇ ಮಾಡಿ 5,000ಕ್ಕೂ ಹೆಚ್ಚು ಚಿತ್ರ ಬಿಟ್ಟುಹೋದರು. ಈಗಿನವರ ಕೆಲಸಕ್ಕೆ ಫೋಟೊ ತಾಣವಾದ ಲೆನ್ಸ್‌ಕಲ್ಚರ್ ನೋಡಿ. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯ ದೀರ್ಘಾವಧಿ ಯೋಜನೆಗಳ ವಿಭಾಗವನ್ನೂ ನೋಡಿ, ಅಲ್ಲಿ ಚಿತ್ರಗಳ ಜೊತೆ ವಿವರಣೆಯೂ ಇರುತ್ತದೆ.

4. ಬಿಡಿ ಚಿತ್ರದಿಂದ ಇಡೀ ಸರಣಿಗೆ

ಎಲ್ಲರೂ ಎಡವುವುದು ಇಲ್ಲಿ. ವಾಟ್ಸ್‌ಆ್ಯಪ್‌ನಲ್ಲೋ ಇನ್ನೆಲ್ಲೋ ಒಂದು ಚಿತ್ರ ಸಿಗುತ್ತದೆ, ಅದನ್ನು ಹಾಗೇ, ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡುತ್ತಾರೆ. ಲೆನ್ಸ್ ಅದರಲ್ಲಿರುವ ಕುರ್ಚಿ ಎಲ್ಲಿ ಮಾರಾಟಕ್ಕಿದೆ ಎಂದು ಹೇಳುತ್ತದೆ. 'ಸಿಗಲಿಲ್ಲ' ಎಂದು ಬಿಡುತ್ತಾರೆ.

ಮೊದಲು ಚಿತ್ರವನ್ನು ಶುಚಿ ಮಾಡಿ. ಸ್ಕ್ರೀನ್‌ಶಾಟ್ ಆಗಿದ್ದರೆ ಮೇಲಿನ ಗಡಿಯಾರ, ಬ್ಯಾಟರಿ, ಕೆಳಗಿನ ಗುಂಡಿಗಳು, ಅಂಚಿನ ಕರಿ ಪಟ್ಟಿ ಎಲ್ಲವನ್ನೂ ಕತ್ತರಿಸಿ. ಚಿತ್ರದ ಮೇಲೆ ಯಾರಾದರೂ ಅಕ್ಷರ ಬರೆದಿದ್ದರೆ ಆ ಭಾಗವನ್ನೂ ತೆಗೆಯಿರಿ. ನಾಲ್ಕಾರು ಚಿತ್ರ ಜೋಡಿಸಿದ ಕೊಲಾಜ್ ಆಗಿದ್ದರೆ ಒಂದನ್ನೇ ಬಿಡಿಸಿಕೊಳ್ಳಿ. ಕೊಲಾಜನ್ನು ಇಡಿಯಾಗಿ ಕೊಟ್ಟರೆ ಅದೇ ಕೊಲಾಜ್ ಹಂಚಿದವರು ಸಿಗುತ್ತಾರೆಯೇ ಹೊರತು ತೆಗೆದವರಲ್ಲ. ಹಿನ್ನೆಲೆಯ ಫಲಕದ ಅಕ್ಷರ ಉಲ್ಟಾ ಕಂಡರೆ ಯಾರೋ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದ್ದಾರೆ. ಮತ್ತೆ ತಿರುಗಿಸಿ ನೇರ ಮಾಡಿಕೊಳ್ಳಿ. ಗುರುತು ಸಿಗಬಾರದೆಂದು ಹೀಗೆ ಮಾಡುವವರಿದ್ದಾರೆ.

ಈಗ ಒಂದೇ ಯಂತ್ರವನ್ನು ನಂಬದೆ ಎರಡರಲ್ಲಾದರೂ ಹುಡುಕಿ. ಗೂಗಲ್ ಲೆನ್ಸ್‌ನಲ್ಲಿ ಫಲಿತಾಂಶ ಬಂದಮೇಲೆ 'ಎಕ್ಸಾಕ್ಟ್ ಮ್ಯಾಚಸ್' ಎಂಬ ಭಾಗಕ್ಕೆ ಹೋಗಿ. ಮೊದಲು ತೋರಿಸುವುದು 'ಹೋಲುವ' ಚಿತ್ರಗಳು, ನಿಮಗೆ ಬೇಕಾದದ್ದು 'ಅದೇ' ಚಿತ್ರ. ಇಂಥದ್ದೇ ಇನ್ನೊಂದು ಹುಡುಕು ಯಂತ್ರವಾದ ಟಿನ್‌ಐ ತಾಣದಲ್ಲಿ ಸಿಗುವ ಫಲಿತಾಂಶ ಕಡಿಮೆ. ಆದರೆ ಅಲ್ಲಿ ಫಲಿತಾಂಶಗಳನ್ನು 'ಓಲ್ಡೆಸ್ಟ್', 'ಬಿಗ್ಗೆಸ್ಟ್' ಎಂದು ವಿಂಗಡಿಸಬಹುದು, ಅದೇ ಅದರ ಬೆಲೆ. 'ಓಲ್ಡೆಸ್ಟ್' ಎಂದರೆ ಚಿತ್ರ ಮೊದಲು ಪ್ರಕಟವಾದ ದಿನವಲ್ಲ, ಟಿನ್‌ಐ ಅದನ್ನು ಮೊದಲು ಕಂಡ ದಿನ. ಹಾಗಾಗಿ ಅಲ್ಲಿ ತುದಿಯಲ್ಲಿರುವ ತಾಣವೇ ಮೂಲ ಎಂದು ತೀರ್ಮಾನಿಸಬೇಡಿ. 'ಬಿಗ್ಗೆಸ್ಟ್' ಹೆಚ್ಚು ಕೆಲಸಕ್ಕೆ ಬರುತ್ತದೆ: ಕೈಯಿಂದ ಕೈಗೆ ಹೋದಂತೆ ಚಿತ್ರ ಚಿಕ್ಕದಾಗುತ್ತದೆ, ಅಂಚು ಕತ್ತರಿಸಿಹೋಗುತ್ತದೆ. ಅತಿ ದೊಡ್ಡ, ಅಂಚು ಪೂರ್ತಿಯಿರುವ ಪ್ರತಿ ಸಾಮಾನ್ಯವಾಗಿ ಮೂಲಕ್ಕೆ ಹತ್ತಿರ. ಆದರೆ ಸಾಫ್ಟ್‌ವೇರ್ ಬಳಸಿ ಹಿಗ್ಗಿಸಿದ ಪ್ರತಿಗಳೂ ಇವೆ. ಕೂದಲು, ಎಲೆ, ಬಟ್ಟೆಯ ನೇಯ್ಗೆ ಮೇಣ ಬಳಿದಂತೆ ನುಣ್ಣಗಿದ್ದರೆ ಅಂಥದ್ದನ್ನು ಬಿಡಿ.

ಎಲ್ಲೋ ಒಂದು ಪುಟದಲ್ಲಿ ಹೆಸರು ಸಿಕ್ಕಿತು ಅನ್ನಿ. 'ಕೃಪೆ: ಇಂಟರ್ನೆಟ್' ಎಂಬುದು ಹೆಸರಲ್ಲ, ಚಿತ್ರ ಹಂಚಿದ ಖಾತೆಯ ಹೆಸರೂ ತೆಗೆದವರ ಹೆಸರಲ್ಲ. ಸಿಕ್ಕ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಿ, ಚಿತ್ರದ ವಸ್ತುವನ್ನು ಜೊತೆಗೆ ಸೇರಿಸಿ ಮತ್ತೆ ಹುಡುಕಿ. ಆ ಹೆಸರಿನ ತಾಣ ತೆರೆದು ಅಲ್ಲಿ ಅದೇ ಚಿತ್ರವಿದೆಯೇ, ಅದರ ಅಕ್ಕಪಕ್ಕ ಅದೇ ನಿಯಮದ ಬೇರೆ ಚಿತ್ರಗಳಿವೆಯೇ ನೋಡಿ. ಎರಡೂ ಇದ್ದರೆ ಮಾತ್ರ ಹುಡುಕಾಟ ಮುಗಿಯಿತು. ಹೆಸರು ತಪ್ಪಾಗಿ ಅಂಟಿಕೊಂಡ ಚಿತ್ರಗಳು ವರ್ಷಗಟ್ಟಲೆ ಹಾಗೇ ಓಡಾಡುತ್ತಿರುತ್ತವೆ. ಫೋಟೊ ಕಡತದೊಳಗಿನ ಎಕ್ಸಿಫ್ ಮಾಹಿತಿ (ಕ್ಯಾಮೆರಾ, ದಿನಾಂಕ ಮುಂತಾದ ವಿವರ) ನೋಡಿದರಾಯಿತು ಎನ್ನುವ ಅಡ್ಡದಾರಿ ಇಲ್ಲಿ ಕೆಲಸ ಮಾಡದು. ಸಾಮಾಜಿಕ ಜಾಲತಾಣಗಳು ಅಪ್‌ಲೋಡ್ ಆಗುವಾಗಲೇ ಬಹುಪಾಲು ಮಾಹಿತಿಯನ್ನು ಕಳಚಿಬಿಡುತ್ತವೆ.

ತಾಣವೇ ಸತ್ತಿದ್ದರೆ? ವಿಳಾಸವನ್ನು ನಕಲು ಮಾಡಿ, ತಾಣಗಳ ಹಳೆಯ ಪ್ರತಿಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹಾಕಿ. ವರ್ಷಗಳ ಪಟ್ಟಿ, ಅದರ ಕೆಳಗೆ ಕ್ಯಾಲೆಂಡರ್ ಬರುತ್ತದೆ. ಎಲ್ಲರೂ ತೀರಾ ಈಚಿನ ದಿನಾಂಕ ಒತ್ತಿ 'ಈ ಡೊಮೇನ್ ಮಾರಾಟಕ್ಕಿದೆ' ಎಂಬ ಪುಟ ನೋಡಿ ವಾಪಸಾಗುತ್ತಾರೆ. ಯೋಜನೆ ನಡೆಯುತ್ತಿದ್ದ ವರ್ಷಕ್ಕೆ ಹೋಗಿ, ಅಲ್ಲಿ ಎರಡು ಮೂರು ದಿನಾಂಕ ತೆರೆದು ನೋಡಿ. ಒಂದು ದಿನ ಪುಟ ಮಾತ್ರ ಉಳಿದು ಚಿತ್ರ ಇರುವುದಿಲ್ಲ, ಇನ್ನೊಂದು ದಿನದ ಪ್ರತಿಯಲ್ಲಿ ಚಿತ್ರ ಇರಬಹುದು. 2000ದ ದಶಕದಲ್ಲಿ ಬಹಳ ಮಂದಿ ಛಾಯಾಗ್ರಾಹಕರು ಆಗಿನ ವೆಬ್ ತಂತ್ರಾಂಶವಾದ ಫ್ಲ್ಯಾಶ್‌ನಲ್ಲಿ ತಾಣ ಕಟ್ಟಿಸಿಕೊಂಡಿದ್ದರು. 2020ರ ಕೊನೆಗೆ ಫ್ಲ್ಯಾಶ್‌ಗೆ ಬೆಂಬಲ ನಿಂತಿದ್ದರಿಂದ ಅಲ್ಲಿ ಖಾಲಿ ಚೌಕ ಕಂಡರೆ ಆಶ್ಚರ್ಯವಿಲ್ಲ. ಆಗ ಹೆಸರು ಹಿಡಿದು ಗ್ಯಾಲರಿಗಳ, ವಸ್ತುಸಂಗ್ರಹಾಲಯಗಳ ತಾಣಗಳಲ್ಲಿ ಹುಡುಕುವುದೇ ದಾರಿ. ಯೋಜನೆ ಬ್ಲಾಗ್ ತಾಣವಾದ ಟಂಬ್ಲರ್‌ನಲ್ಲಿದ್ದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ 'ಆರ್ಕೈವ್' ಎಂದು ಸೇರಿಸಿ. ತಿಂಗಳುವಾರು ಎಲ್ಲ ಚಿತ್ರಗಳೂ ಒಂದೇ ಪುಟದಲ್ಲಿ ಚಿಕ್ಕದಾಗಿ ಬರುತ್ತವೆ. ಗೊತ್ತಿಲ್ಲದವರು ಪುಟ ಸರಿಸುತ್ತಲೇ ಇರುತ್ತಾರೆ.

ಕಡೆಗೂ ಯಾರದೆಂದು ತಿಳಿಯದಿದ್ದರೆ? ಮೂಲ ತಿಳಿಯಬೇಕೆಂಬ ಪಟ್ಟು ಬಿಡಬೇಡಿ, ಆ ಚಿತ್ರವನ್ನು ಬಿಡಿ. ಒಂಟಿ ಚಿತ್ರ, ಹೆಸರಿಲ್ಲ, ಸರಣಿಯ ಇನ್ನೊಂದು ಚಿತ್ರ ಎಲ್ಲೂ ಇಲ್ಲ, ಈಚಿನ ಒಂದೆರಡು ವರ್ಷದ ಹಿಂದೆ ಎಲ್ಲಿಯೂ ಕಂಡಿಲ್ಲ ಎಂದಾದರೆ ಅದನ್ನು ಕ್ಯಾಮೆರಾ ತೆಗೆದಿರದೆ ಎಐ ಬರೆದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

5. ಓದಿ, ಆಮೇಲೆ ನೋಡಿ

ಸರಣಿಯ ಮೊದಲಿಗೋ ಕೊನೆಗೋ ಛಾಯಾಗ್ರಾಹಕರ ಹೇಳಿಕೆ ಇರುತ್ತದೆ. ಅದರಲ್ಲಿ ನಿಯಮ ಯಾವುದೆಂದು ಗುರುತಿಸಿಕೊಂಡು, ಚಿತ್ರಗಳನ್ನು ಅವರು ಇಟ್ಟ ಕ್ರಮದಲ್ಲೇ ನೋಡಿ. ನಿಯಮ ಮುರಿದ ಚಿತ್ರ ಸಿಕ್ಕರೆ ಅಲ್ಲಿ ನಿಲ್ಲಿ.

ಹೇಳಿಕೆಯೇ ಇಲ್ಲದ ಸರಣಿಗಳೂ ಇವೆ. ನ್ಯೂಯಾರ್ಕ್‌ನ ಛಾಯಾಗ್ರಾಹಕ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೋಲರಾಯ್ಡ್ ತೆಗೆದರು, 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವವರೆಗೆ. ಗೆಳೆಯರು ಆ ಆರು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತಾಣಕ್ಕೆ ಹಾಕಿದರು. ದಿನಾಂಕ ಬಿಟ್ಟರೆ ವಿವರಣೆ ಇರಲಿಲ್ಲ. ಇಂಥದ್ದನ್ನು ಯಾದೃಚ್ಛಿಕವಾಗಿ ಹತ್ತು ಚಿತ್ರ ನೋಡಿ ಮುಗಿಸಬೇಡಿ, ಯಾವುದಾದರೂ ಒಂದು ವರ್ಷ ಹಿಡಿದು ಜನವರಿಯಿಂದ ಡಿಸೆಂಬರ್‌ವರೆಗೆ ನೋಡಿ.

6. ಕೂಡಿಡಿ

ಬುಕ್‌ಮಾರ್ಕ್ ಸಾಲದು, ಕೊಂಡಿಗಳು ಸಾಯುತ್ತವೆ. ಸ್ಪ್ರೆಡ್‌ಶೀಟ್‌ನಲ್ಲಿ ಐದು ಕಾಲಂ ಮಾಡಿ: ಹೆಸರು, ಸರಣಿ, ವರ್ಷ, ವಿಳಾಸ, ನಿಯಮ. ಕೊನೆಯ ಕಾಲಂ ಅನ್ನು ನಿಮ್ಮದೇ ಮಾತಿನಲ್ಲಿ ಒಂದೇ ವಾಕ್ಯದಲ್ಲಿ ತುಂಬಿ. ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ಸರಣಿ ಇನ್ನೂ ಅರ್ಥವಾಗಿಲ್ಲ, ಇಲ್ಲವೇ ಅದರಲ್ಲಿ ನಿಯಮವೇ ಇಲ್ಲ. ಅದೇ ಹೊತ್ತಿಗೆ ವೇಬ್ಯಾಕ್ ಮಷೀನ್‌ನ 'ಸೇವ್ ಪೇಜ್ ನೌ' ಬಳಸಿ ಪುಟವನ್ನು ಉಳಿಸಿ, ಆ ವಿಳಾಸವನ್ನೂ ಬರೆದಿಡಿ.

ಮುಂದುವರಿಯುತ್ತಿರುವ ಸರಣಿಗಳಿಗೆ, ತಾಣಕ್ಕೆ ಹೊಸದು ಸೇರಿದಾಗಲೆಲ್ಲ ತಾನಾಗಿ ತಂದು ತೋರಿಸುವ ಆರ್‌ಎಸ್‌ಎಸ್ ಓದುಗ ಆ್ಯಪ್ ಒಂದನ್ನು ಇಟ್ಟುಕೊಳ್ಳಿ. ತಾಣದಲ್ಲಿ ಆರ್‌ಎಸ್‌ಎಸ್ ಗುರುತು ಕಾಣದಿದ್ದರೂ ವರ್ಡ್‌ಪ್ರೆಸ್ ತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ 'ಫೀಡ್' ಎಂದೂ, ಟಂಬ್ಲರ್ ಆದರೆ 'ಆರ್‌ಎಸ್‌ಎಸ್' ಎಂದೂ ಸೇರಿಸಿದರೆ ಸಾಮಾನ್ಯವಾಗಿ ಸಿಗುತ್ತದೆ. ಇಮೇಲ್ ಸುದ್ದಿಪತ್ರಗಳು ಬೇಡ, ಓದದೇ ಗುಡ್ಡೆ ಬೀಳುತ್ತವೆ.

7. ನಿಯಮ ತನ್ನಿ, ಚಿತ್ರ ಬಿಡಿ

ಬೇರೆಯವರ ಚಿತ್ರವನ್ನು ನಕಲು ಮಾಡಿ ಹಂಚಬೇಕಿದ್ದರೆ ಪರವಾನಗಿ ನೋಡಲೇಬೇಕು. ಫ್ಲಿಕರ್ ಕಾಮನ್ಸ್‌ನ ಚಿತ್ರಗಳ ಕೆಳಗಿರುವ ಬರಹ 'ತಿಳಿದಿರುವ ಹಕ್ಕುಸ್ವಾಮ್ಯದ ನಿರ್ಬಂಧಗಳಿಲ್ಲ' ಎಂದಷ್ಟೇ ಹೇಳುತ್ತದೆ, ನಿರ್ಬಂಧವೇ ಇಲ್ಲವೆಂದು ಭರವಸೆ ಕೊಡುವುದಿಲ್ಲ.

ನಿಮ್ಮ ಸರಣಿಗೆ ಪಟ್ಟಿಯ ಕೊನೆಯ ಕಾಲಂ ಓದಿ, ಒಂದು ವಾಕ್ಯ ಆರಿಸಿ, ಅದರಲ್ಲಿ ಒಂದೇ ಒಂದು ಪದ ಬದಲಿಸಿ. 'ಒಂದೇ ಜಾಗ, ವರ್ಷಕ್ಕೊಮ್ಮೆ' ಎಂಬುದು 'ಒಂದೇ ಜಾಗ, ಮಳೆ ಬಂದಾಗಲೆಲ್ಲ' ಎಂದಾಗಬಹುದು. ಎರಡು ಪದ ಬದಲಿಸಿದರೆ ಏನು ಕೆಲಸ ಮಾಡಿತು, ಏನು ಕೆಡಿಸಿತು ಎಂದು ತಿಳಿಯುವುದಿಲ್ಲ. ಮೊದಲ ಹನ್ನೆರಡು ಚಿತ್ರ ಆಗುವವರೆಗೆ ಲೆನ್ಸ್, ದೂರ, ಆಕಾರ ಯಾವುದನ್ನೂ ಬದಲಾಯಿಸಬೇಡಿ. ಹನ್ನೆರಡನ್ನೂ ಒಂದೇ ಪರದೆಯ ಮೇಲೆ ನಾಲ್ಕು ಅಡ್ಡಸಾಲು, ಮೂರು ಕಂಬಸಾಲಾಗಿ ಜೋಡಿಸಿ ನೋಡಿ. ಪರಸ್ಪರ ಏನೂ ಹೇಳದೆ ಬಿಡಿಬಿಡಿಯಾಗಿ ಕುಳಿತಿದ್ದರೆ ವಾಕ್ಯಕ್ಕೆ ವಾಪಸು ಹೋಗಿ ಇನ್ನೊಂದು ಪದ ಬದಲಿಸಿ.