ಹಿಡಿಸೂಡಿ ಬಾಳಿಕೆ ಬರಬೇಕಾದರೆ ಕಟ್ಟು ನೋಡಿ

ಅಂಗಳದ ಹಿಡಿಸೂಡಿ, ಅಂದರೆ ತೆಂಗಿನ ಕಡ್ಡಿಯ ಪೊರಕೆ, ಒಂದು ಮಳೆಗಾಲವೂ ಬರುವುದಿಲ್ಲ ಅಂತ ಗೊಣಗುವವರ ಮನೆಗೆ ಹೋದರೆ ಆ ಹಿಡಿಸೂಡಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕಡ್ಡಿಗಳು ಗಟ್ಟಿಯಾಗಿಯೇ ಇರುತ್ತವೆ. ಹಾಳಾಗಿರುವುದು ಕಟ್ಟು. ಅದು ಸಡಿಲಾಯಿತೋ, ಗುಡಿಸಿದಲ್ಲೆಲ್ಲ ಕಡ್ಡಿ ಉದುರುತ್ತದೆ, ಆಮೇಲೆ ಅದನ್ನೂ ಗುಡಿಸಬೇಕು!

ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ ಕಡೆ ತೆಂಗಿನ ಮರ ಇಲ್ಲದ ಹಿತ್ತಿಲು ಕಡಿಮೆ. ಆದರೂ ಈಗ ಪೇಟೆಯಿಂದ ತರುವವರೇ ಜಾಸ್ತಿ. ತನ್ನಿ, ಬೇಡ ಅನ್ನುವುದಿಲ್ಲ. ಅಂಗಡಿಯಲ್ಲೇ ಬುಡ ಹಿಡಿದು ಒಂದು ಕಡ್ಡಿ ಎಳೆದು ನೋಡಿ, ಸುಲಭದಲ್ಲಿ ಬಂದರೆ ಅದನ್ನು ಅಲ್ಲಿಯೇ ಬಿಡಿ. ನಡುವೆ ಬೆರಳು ಹಾಕಿ ಬಿಡಿಸಿಯೂ ನೋಡಿ. ಹೊರಗೆ ಉದ್ದ ಕಡ್ಡಿ ಇಟ್ಟು ಒಳಗೆ ಗಿಡ್ಡದ್ದು ತುಂಬಿಸುವವರಿದ್ದಾರೆ. ಕಡ್ಡಿಗೆ ಸೋಗೆಯ ಚೂರು ಅಂಟಿಕೊಂಡಿದ್ದರೆ ಸರಿಯಾಗಿ ಕೆತ್ತಿಲ್ಲ ಅಂತ ಅರ್ಥ, ಒದ್ದೆಯಾದಾಗ ಮೊದಲು ಕೊಳೆಯುವುದು ಅದೇ.

ಮನೆಯಲ್ಲೇ ಮಾಡುವುದಾದರೆ ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲೇ ಮಾಡಿ ಮುಗಿಸಿ. ಜುಲೈ-ಆಗಸ್ಟಿನ ಜಡಿಮಳೆಯ ಆಟಿ ತಿಂಗಳಲ್ಲಿ ಕಡ್ಡಿ ಒಣಗಿಸುತ್ತೇನೆ ಅಂತ ಹೊರಟರೆ ಬೂಸಲು ಹಿಡಿಯುತ್ತದೆ ಅಷ್ಟೇ. ಒಣಗಿ ತಾನಾಗಿ ಬಿದ್ದು ಹಲವು ದಿನ ಬಿಸಿಲು ತಿಂದ ಮಡಲಿನ (ದಂಡು ಸಮೇತದ ಇಡೀ ತೆಂಗಿನ ಸೋಗೆಯ) ಕಡ್ಡಿ ಪಟಪಟ ಮುರಿಯುತ್ತದೆ. ತೀರಾ ಎಳೆಯದು ಬಾಗಿ ಹಾಗೆಯೇ ನಿಲ್ಲುತ್ತದೆ. ಕಾಯಿ ಕೊಯ್ಯಲು ಜನ ಬಂದಾಗ, ಹಳದಿಗೆ ತಿರುಗುತ್ತಿರುವ ಕೆಳಗಿನ ಮಡಲನ್ನು ಕಡಿದು ಹಾಕಲು ಹೇಳಿ, ಅದೇ ಹದ. ಗಿಡ್ಡ ತಳಿಯದ್ದಕ್ಕಿಂತ ಊರಿನ ಎತ್ತರದ ಮರದ ಕಡ್ಡಿ ಉದ್ದ, ಗಟ್ಟಿ. ಒಂದು ಮಡಲಿನಲ್ಲಿ 200ಕ್ಕಿಂತ ಜಾಸ್ತಿ ಗರಿ ಇರುತ್ತದೆ, ತುದಿಯದ್ದು ಗಿಡ್ಡ, ನಡುವಿನದ್ದೇ ಒಳ್ಳೆಯದು. ಎರಡು ಮಡಲು ಸಿಕ್ಕಿದರೆ ಒಂದು ದಪ್ಪ ಹಿಡಿಸೂಡಿ ಆಗುತ್ತದೆ.

ಕೆತ್ತಿದ ಕೂಡಲೇ ಕಟ್ಟುವ ಅವಸರ ಬೇಡ. ಹಸಿ ಕಡ್ಡಿ ಒಣಗಿದಾಗ ಸಣ್ಣಗಾಗುತ್ತದೆ, ನೀವು ಎಷ್ಟು ಬಿಗಿದು ಕಟ್ಟಿದ್ದರೂ ಕಟ್ಟು ತಾನಾಗಿ ಸಡಿಲಾಗುತ್ತದೆ. ಸಡಿಲವಾಗಿ ಕಂತೆ ಕಟ್ಟಿ ಕೆಲವು ದಿನ ಒಣಗಲು ಬಿಡಿ. ಆಮೇಲೆ ಬುಡವನ್ನು ಕಲ್ಲಿನ ಮೇಲೆ ಕುಟ್ಟಿ ಸಮ ಮಾಡಿ, ಬುಡದಿಂದ ನಾಲ್ಕು ಬೆರಳು ಬಿಟ್ಟು ಒಂದು ಕಟ್ಟು, ಅಲ್ಲಿಂದ ಒಂದು ಗೇಣು ಆಚೆ ಇನ್ನೊಂದು. ಕಟ್ಟಲಿಕ್ಕೆ ನನಗೆ ಹಳೆಯ ಸೈಕಲ್ ಟ್ಯೂಬೇ ಇಷ್ಟ. ಒಂದು ಇಂಚು ಅಗಲಕ್ಕೆ ಸೀಳಿ, ಎಳೆದು ಎಳೆದು ಸುತ್ತಿ, ತುದಿಯನ್ನು ಕೊನೆಯ ಸುತ್ತಿನ ಅಡಿಗೆ ತೂರಿಸಿಬಿಟ್ಟರೆ ಆಯಿತು. ಕಡ್ಡಿ ಸ್ವಲ್ಪ ಸಣ್ಣಗಾದರೂ ರಬ್ಬರ್ ಜೊತೆಗೇ ಬಿಗಿಯುತ್ತದೆ. ಪ್ಲಾಸ್ಟಿಕ್ ಹಗ್ಗ ಜಾರುತ್ತದೆ. ಸರಿಗೆ ತುಕ್ಕು ಹಿಡಿದು ಕೈಗೆ ಚುಚ್ಚುತ್ತದೆ.

ಆ ಎರಡನೆಯ ಕಟ್ಟು ಇದೆಯಲ್ವಾ, ಅದನ್ನು ಸುಮ್ನೆ ಅಲಂಕಾರಕ್ಕೆ ಅಂದುಕೊಳ್ಳಬೇಡಿ. ತುದಿಯ ಕಡೆಗೆ ಜಾರಿಸಿದರೆ ಹಿಡಿಸೂಡಿ ಗಡುಸಾಗುತ್ತದೆ, ಮಳೆಗೆ ನೆಲಕ್ಕೆ ಅಂಟಿದ ಹಲಸಿನ ಎಲೆಯೂ ಎದ್ದು ಬರುತ್ತದೆ. ಬುಡದ ಕಡೆಗೆ ತಂದರೆ ಕಡ್ಡಿ ಹರಡಿಕೊಂಡು, ಅಡಿಕೆ ಒಣಗಿಸುವ ಅಂಗಳದ ನುಣುಪು ಧೂಳಿಗೂ ಸಾಕಾಗುತ್ತದೆ.

ಹಳೆಯದು ಸಡಿಲಾಗಿದೆ ಅಂತ ಮೊಮ್ಮಗ "ಅಜ್ಜಿ, ಇದನ್ನು ಬಿಸಾಡುವುದಾ?" ಅಂತ ಕೇಳಿದರೆ ನಾನು ಕತ್ತಿ ತರಲು ಹೇಳುತ್ತೇನೆ. ಆಪು, ಅಂದರೆ ಬೆಣೆ, ಮಾಡಲಿಕ್ಕೆ: ಅಡಿಕೆ ಸಲಕೆಯ (ಅಡಿಕೆ ಮರದ ಸೀಳಿನ) ಅರ್ಧ ಅಡಿ ತುಂಡು, ಒಂದು ತುದಿ ಚೂಪು, ಇನ್ನೊಂದು ಹೆಬ್ಬೆರಳು ದಪ್ಪ. ಬುಡವನ್ನು ಮೇಲೆ ಮಾಡಿ ಕಡ್ಡಿಗಳ ಸರಿ ನಡುವಿಗೆ ಆಪು ಇಟ್ಟು ಕತ್ತಿಯ ಹಿಂಬದಿಯಿಂದ ಹೊಡೆಯುವುದು. ಒಳಗಿಳಿಯುವಾಗ ಕರಕರ ಅನ್ನುತ್ತದೆ, ಆ ಸದ್ದು ನಿಂತು ಪೆಟ್ಟು ಗಟ್ಟಿಯಾಗಿ ಕೇಳಿದರೆ ಸಾಕು. ಮತ್ತೂ ಹೊಡೆದರೆ ಟ್ಯೂಬು ಹರಿಯುತ್ತದೆ. ಸೊಂಟ ನೋವಿದ್ದವರು ಈ ಆಪಿನ ಬದಲು ಉದ್ದ ಕೋಲನ್ನೇ ಚೂಪು ಮಾಡಿ ಇಳಿಸಬಹುದು. ಕಟ್ಟು ಬರುವ ಜಾಗದಲ್ಲಿ ಕೋಲಿಗೆ ಸುತ್ತ ಒಂದು ಕಚ್ಚು ಹಾಕಿಕೊಳ್ಳಿ, ಇಲ್ಲದಿದ್ದರೆ ಗುಡಿಸುವಾಗ ಕೋಲು ಮಾತ್ರ ಕೈಗೆ ಬರುತ್ತದೆ.

ನೆಲಕ್ಕೆ ಒರಗಿಸಿಟ್ಟರೆ ಗೆದ್ದಲು, ತುದಿ ಕೆಳಗೆ ಮಾಡಿ ನಿಲ್ಲಿಸಿದರೆ ಕಡ್ಡಿ ಸೊಟ್ಟ. ಒದ್ದೆಯಾದದ್ದನ್ನು ಕೊಡವಿ, ಸೂರಿನಡಿ ಮಳೆ ನೀರು ಹಾರದ ಕಡೆ ಮೊಳೆಗೆ ನೇತುಹಾಕಿ.

ಇಂಟರ್‌ಲಾಕ್ ಹಾಕಿದ ಅಂಗಳದವರು ನೈಲಾನ್ ಬ್ರಷ್ ತರುತ್ತಾರೆ, ಅದಕ್ಕೆ ಅದೇ ಆದೀತು. ನಮ್ಮ ಒರಟು ಕೆಂಪು ಕಲ್ಲಿನ ನೆಲದಲ್ಲಿ ಬೇಗ ಸವೆಯುತ್ತದೆ, ಬಿಸಿಲಲ್ಲೇ ಬಿಟ್ಟರೆ ಎಳೆಗಳು ಮುರಿಯುತ್ತವೆ. ಅದು ಸಾಮಾನ್ಯವಾಗಿ ಕೈಕೊಡುವುದು ಹಿಡಿ ತಿರುಗಿಸಿ ಹಾಕುವ ಪ್ಲಾಸ್ಟಿಕ್ ಮರೆಯಲ್ಲಿ, ಅಂದರೆ ತಿರುಪಿನ ಗೆರೆಗಳಲ್ಲಿ. ಮರೆ ಸವೆದರೆ ಹಿಡಿಗೂ ಬ್ರಷ್ಷಿಗೂ ಆರಪಾರ ತೂತು ಕೊರೆದು ಬೋಲ್ಟು ನಟ್ಟು ಹಾಕಿಸಿ. ಬರೀ ಸ್ಕ್ರೂ ಹೊಡೆದರೆ ಪ್ಲಾಸ್ಟಿಕ್ ಸೀಳುತ್ತದೆ.

ಸವೆದು ಗೇಣುದ್ದಕ್ಕೆ ಬಂದ ಮೋಟು ಹಿಡಿಸೂಡಿಯನ್ನು ಒಲೆಗೆ ಹಾಕಬೇಡಿ. ಮೆಟ್ಟಲಿನ ಪಾಚಿ ತಿಕ್ಕಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ದನದ ಹಟ್ಟಿಗೊಂದು, ಬಚ್ಚಲಿಗೊಂದು ಬೇರೆ ಬೇರೆಯೇ ಇಟ್ಟುಕೊಳ್ಳಿ.