ತಣ್ಣನೆಯ ನೆಲಕ್ಕೊಂದು ಉಲ್ಲನ್ ಸ್ಲಿಪ್ಪರ್: ಮೊದಲ ಸಲ ಕಡ್ಡಿ ಹಿಡಿಯುವವರಿಗೆ

ಹೆಣಿಗೆ ಕಲಿಯಲು ಬಂದವರಿಗೆ ಎಲ್ಲರೂ ಮೊದಲು ಮಫ್ಲರ್ ಹಾಕಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮಫ್ಲರ್ ಎಷ್ಟು ಹೆಣೆದರೂ ಮುಗಿಯುವುದಿಲ್ಲ. ಅರ್ಧಕ್ಕೇ ಬೇಸರ ಬಂದು ಕಡ್ಡಿಯ ಸಮೇತ ಅಟ್ಟ ಸೇರುತ್ತದೆ. ಮನೆಯೊಳಗೆ ಹಾಕಿಕೊಳ್ಳುವ ಸ್ಲಿಪ್ಪರ್ ಹಾಗಲ್ಲ. ಒಂದು ಚೌಕದ ಪಟ್ಟಿ ಹೆಣೆದು ಎರಡು ಕಡೆ ಹೊಲಿದರೆ ಕಾಲಿಗೆ ಹಾಕಿ ನೋಡಬಹುದು.

ಶಿರಸಿ ಸುತ್ತಿನ ಮನೆಗಳಲ್ಲಿ ಅದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಡಿಸೆಂಬರ್ ಬಂತೆಂದರೆ ಬೆಳಗಿನ ಹೊತ್ತು ಕೆಂಪು ಗಾರೆಯ ಮೇಲೆ ಕಾಲಿಡಲಾಗುವುದಿಲ್ಲ. ನಮ್ಮ ಆಯಿಗೆ ಮನೆಯೊಳಗೆ ಚಪ್ಪಲಿ ಮೆಟ್ಟಿ ಓಡಾಡುವುದು ಒಗ್ಗದು. ಉಲ್ಲನ್ನಿನದಕ್ಕೆ ಮಾತ್ರ ತಕರಾರಿಲ್ಲ. ದೇವರ ಕೋಣೆಯ ಹೊಸ್ತಿಲಲ್ಲಿ ಬಿಟ್ಟು ಒಳಗೆ ಹೋಗುತ್ತಾಳೆ.

ನಮ್ಮ ಹವೆಗೆ ಅಕ್ರಿಲಿಕ್ ದಾರವೇ ಸರಿ. ಅಪ್ಪಟ ಉಣ್ಣೆ ಬೆಚ್ಚಗಿರುತ್ತದೆ ನಿಜ, ಆದರೆ ಆಷಾಢದಲ್ಲಿ ಒಮ್ಮೆ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಮಧ್ಯಮ ದಪ್ಪದ ದಾರವನ್ನು ಎರಡೆಳೆ ಸೇರಿಸಿ ಹೆಣೆಯಿರಿ. ಅಡಿ ಗಟ್ಟಿಯಾಗುತ್ತದೆ, ಕೆಲಸವೂ ಬೇಗ ಸಾಗುತ್ತದೆ. ದೊಡ್ಡವರ ಒಂದು ಜೊತೆಗೆ ಸುಮಾರು 100 ಗ್ರಾಂ ಹಿಡಿಯುತ್ತದೆ. ಕಡಿಮೆ ಬಿದ್ದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ, ಒಂದು ಉಂಡೆ ಹೆಚ್ಚೇ ತನ್ನಿ. ಕಡ್ಡಿ 5 ಮಿಲಿಮೀಟರಿನದು, ಅಂದರೆ ಹಳೆಯ ಲೆಕ್ಕದಲ್ಲಿ 6ನೇ ನಂಬರು. ಆ ಲೆಕ್ಕದಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ಸಪೂರವಾಗುತ್ತದೆ ಎಂಬುದನ್ನು ಅಂಗಡಿಗೆ ಹೋಗುವ ಮುಂಚೆ ನೆನಪಿಟ್ಟುಕೊಳ್ಳಿ. ಹೊಲಿಯಲು ಕಣ್ಣು ದೊಡ್ಡದಾದ, ತುದಿ ಮೊಂಡಾದ ಸೂಜಿ ಬೇಕು.

ಇನ್ನು ಅಳತೆ. ಕಾಗದದ ಮೇಲೆ ಪಾದವಿಟ್ಟು ಹಿಮ್ಮಡಿ ಮತ್ತು ಹೆಬ್ಬೆರಳಿನ ತುದಿಗೆ ಗುರುತು ಹಾಕಿ. ಆಮೇಲೆ ಬೆರಳುಗಳ ಬುಡದಲ್ಲಿ, ಪಾದ ಅತಿ ಅಗಲವಾಗಿರುವಲ್ಲಿ, ಸುತ್ತಳತೆ ತೆಗೆದುಕೊಳ್ಳಿ. ಎರಡರಲ್ಲೂ 2 ಸೆಂಟಿಮೀಟರ್ ಕಳೆಯಿರಿ, ಏಕೆಂದರೆ ಹೆಣಿಗೆ ಹಿಗ್ಗುತ್ತದೆ. ಪಾದದಷ್ಟೇ ಅಳತೆಗೆ ಹೆಣೆದರೆ ಮರುವಾರವೇ ಲೊಳಲೊಳ ಎನ್ನುತ್ತದೆ. ಉದ್ದ 23, ಸುತ್ತಳತೆ 22 ಇರುವ ಕಾಲಿಗೆ 21 ಸೆಂಟಿಮೀಟರ್ ಉದ್ದ, 20 ಅಗಲದ ಪಟ್ಟಿ ಸಾಕು. ಕಡ್ಡಿಯ ಮೇಲೆ ಕೂರುವ ದಾರದ ಒಂದೊಂದು ಸುತ್ತಿಗೂ ಕುಣಿಕೆ ಎನ್ನುತ್ತೇವೆ. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 16 ಕುಣಿಕೆ ಕೂರುತ್ತವೆ, ಹಾಗಾಗಿ 20 ಸೆಂಟಿಮೀಟರ್ ಅಗಲಕ್ಕೆ 32 ಕುಣಿಕೆ. ನಿಮ್ಮ ಕೈ ಬಿಗಿಯೋ ಸಡಿಲವೋ ತಿಳಿಯಲು 20 ಕುಣಿಕೆಯ ಚಿಕ್ಕ ತುಂಡು ಹೆಣೆದು ನಡುವೆ ಅಳೆದು ನೋಡಿ. ನಿಮ್ಮ ಪಟ್ಟಿಯ ಅಗಲಕ್ಕೆ ಬಂದ ಕುಣಿಕೆಗಳ ಸಂಖ್ಯೆಯನ್ನು ನಾಲ್ಕರಿಂದ ಭಾಗವಾಗುವಂತೆ ಹೊಂದಿಸಿಕೊಳ್ಳಿ.

ಕುಣಿಕೆ ಹಾಕುವುದಕ್ಕೆ ಹಲವು ಬಗೆಗಳಿವೆ. ಹೊಸಬರಿಗೆ ನಾನು ಕಲಿಸುವುದು ಒಂದೇ, ಅದರಲ್ಲಿ ಹೆಣಿಗೆಯೂ ಜೊತೆಯಲ್ಲೇ ಬಂದುಬಿಡುತ್ತದೆ. ಒಂದು ಮೊಳದಷ್ಟು ದಾರ ಬಾಲ ಬಿಟ್ಟು ಸರಗುಣಿಕೆ ಮಾಡಿ ಎಡಗಡ್ಡಿಗೆ ಹಾಕಿ. ಬಲಗಡ್ಡಿಯ ತುದಿಯನ್ನು ಆ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ. ಹಿಂದಿರುವ ದಾರವನ್ನು ಆ ತುದಿಗೆ ಒಂದು ಸುತ್ತು ಸುತ್ತಿ, ಸುತ್ತನ್ನು ಕುಣಿಕೆಯೊಳಗಿಂದ ಈಚೆಗೆ ಎಳೆಯಿರಿ. ಹೀಗೆ ಬಂದ ಹೊಸ ಕುಣಿಕೆಯನ್ನು ಎಡಗಡ್ಡಿಗೇ ಏರಿಸಿ. ಈಗ ಎರಡಾದವು. 32 ಆಗುವವರೆಗೆ ಇದನ್ನೇ ಮಾಡಿ. ಸೀದಾ ಹೆಣಿಗೆಯೂ ಇದೇ; ವ್ಯತ್ಯಾಸ ಇಷ್ಟೇ, ಹೊಸ ಕುಣಿಕೆಯನ್ನು ಬಲಗಡ್ಡಿಯಲ್ಲೇ ಉಳಿಸಿ ಹಳೆಯದನ್ನು ಎಡಗಡ್ಡಿಯಿಂದ ಜಾರಿಸಿಬಿಡಬೇಕು. ಸಾಲು ಮುಗಿದಾಗ ಕಡ್ಡಿಗಳ ಕೈ ಬದಲಿಸಿ ಮತ್ತೆ ಸೀದಾ.

ಒಂದು ಕಡೆ ಕಣ್ಣಿಡಿ. ಹೊಸ ಸಾಲು ಶುರುಮಾಡುವಾಗ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆ ಮೇಲಕ್ಕೆ ಎಳೆದುಕೊಂಡು ಎರಡು ಕುಣಿಕೆಯಂತೆ ಕಾಣುತ್ತದೆ. ಎರಡನ್ನೂ ಹೆಣೆದರೆ ಪಟ್ಟಿ ಅಗಲವಾಗುತ್ತಲೇ ಹೋಗುತ್ತದೆ. ದಾರವನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತಂದುಕೊಂಡೇ ಆರಂಭಿಸಿ. ಮೊದಮೊದಲು ಪ್ರತಿ ಸಾಲಿಗೂ ಎಣಿಸುವುದು ಒಳ್ಳೆಯದು.

ಎರಡೆರಡು ಸಾಲಿಗೆ ಒಂದೊಂದು ಉಬ್ಬುಗೆರೆ ಮೂಡುತ್ತದೆ. ಪಟ್ಟಿ 15 ಸೆಂಟಿಮೀಟರ್ ಆಗುವವರೆಗೆ ಹೀಗೇ ಸಾಗಲಿ, ನನಗೆ ಸುಮಾರು 23 ಗೆರೆ ಬರುತ್ತವೆ. ನಿಮ್ಮ ಗೆರೆಗಳ ಲೆಕ್ಕವನ್ನು ಬರೆದಿಟ್ಟುಕೊಳ್ಳಿ. ಇನ್ನೊಂದು ಕಾಲಿನದನ್ನು ಟೇಪಿನಿಂದ ಅಳೆಯಬೇಡಿ, ಗೆರೆ ಎಣಿಸಿ. ಜೊತೆ ಸಮನಾಗುವುದು ಆಗಲೇ.

ಉಳಿದ 6 ಸೆಂಟಿಮೀಟರ್ ಬೆರಳಿನ ಭಾಗ. ಇಲ್ಲಿ ಎರಡು ಸೀದಾ, ಎರಡು ಉಲ್ಟಾ ಹೆಣೆದರೆ ಪಾದವನ್ನು ಅಪ್ಪಿ ಹಿಡಿಯುತ್ತದೆ. ಉಲ್ಟಾಕ್ಕೆ ದಾರ ಮುಂದಿರಬೇಕು, ಕಡ್ಡಿ ಬಲದಿಂದ ಎಡಕ್ಕೆ ಹೊಗಬೇಕು, ಸುತ್ತಿದ ದಾರವನ್ನು ಹಿಂದಕ್ಕೆ ತಳ್ಳಬೇಕು. ಸೀದಾದಿಂದ ಉಲ್ಟಾಕ್ಕೆ ಹೊರಳುವಾಗ ದಾರವನ್ನು ಎರಡು ಕಡ್ಡಿಗಳ ನಡುವಿನಿಂದಲೇ ಮುಂದೆ ತನ್ನಿ. ಕಡ್ಡಿಯ ಮೇಲಿಂದ ತಂದರೆ ಇಲ್ಲದ ಕುಣಿಕೆ ಹುಟ್ಟಿಕೊಳ್ಳುತ್ತದೆ. ಮುಂದಿನ ಸಾಲಿನಲ್ಲಿ ಸೀದಾ ಕಂಡದ್ದನ್ನು ಸೀದಾ, ಉಲ್ಟಾ ಕಂಡದ್ದನ್ನು ಉಲ್ಟಾ. ಉಲ್ಟಾ ಬರದಿದ್ದರೆ ಚಿಂತೆಯಿಲ್ಲ, ಕೊನೆಯವರೆಗೂ ಸೀದಾ ಹೆಣೆದರೂ ಸ್ಲಿಪ್ಪರ್ ಆಗುತ್ತದೆ.

ಕೊನೆಯ ಸಾಲಿನಲ್ಲಿ ಎರಡೆರಡು ಕುಣಿಕೆಯನ್ನು ಸೇರಿಸಿ ಹೆಣೆಯಿರಿ, 16 ಉಳಿಯುತ್ತವೆ. ಮೊಳದುದ್ದ ದಾರ ಬಿಟ್ಟು ಕತ್ತರಿಸಿ, ಸೂಜಿಗೆ ಪೋಣಿಸಿ, ಹದಿನಾರರೊಳಗೂ ಹಾಯಿಸಿ ಚೀಲದ ಬಾಯಿಯಂತೆ ಬಿಗಿಯಾಗಿ ಎಳೆದು ಗಂಟು ಹಾಕಿ. ಅದೇ ದಾರದಿಂದ ಎರಡು ಅಂಚನ್ನು ಸೇರಿಸಿ, ಬೆರಳಿನ ಭಾಗ ದಾಟಿ ಮತ್ತೆರಡು ಸೆಂಟಿಮೀಟರಿನವರೆಗೆ ಹೊಲಿಯಿರಿ. ಮಿಕ್ಕದ್ದು ಕಾಲು ತೂರಿಸುವ ಬಾಯಿ.

ಹಿಮ್ಮಡಿಯಲ್ಲಿ ಅವಸರ ಬೇಡ. ಆರಂಭದ ಅಂಚನ್ನು ಮಡಚಿ ನೇರವಾಗಿ ಹೊಲಿದರೆ ಕೆಳಗೆ ಚೂಪು ಮೂಲೆ ಉಳಿದು ಹಿಂದೆ ಬಾಲದಂತೆ ಚಾಚಿಕೊಳ್ಳುತ್ತದೆ. ಮೇಲಿಂದ ಹೊಲಿಯುತ್ತ ಬಂದು ಮಡಿಕೆಯ ಹತ್ತಿರದ 8 ಕುಣಿಕೆಗಳನ್ನು ಹಾಗೇ ಬಿಡಿ. ಅವುಗಳ ಅಂಚಿನೊಳಗೆ ದಾರ ಹಾಯಿಸಿ, ಎಳೆದು ಸುರುಟಿಸಿ, ಒಳಬದಿಯಲ್ಲಿ ಗಂಟು ಹಾಕಿ. ಹಿಮ್ಮಡಿ ದುಂಡಗೆ ಕೂರುತ್ತದೆ.

ಹಿರಿಯರಿಗೆ ಕೊಡುವುದಾದರೆ ಅಡಿಗೆ ಹಿಡಿತ ಕೊಡದೆ ಕೊಡಲೇಬೇಡಿ. ಟೈಲ್ಸ್ ಮೇಲೆ, ನಯವಾದ ಗಾರೆಯ ಮೇಲೆ ಬರಿಯ ಉಲ್ಲನ್ ಜಾರುತ್ತದೆ. ಸೈಕಲ್ ಅಂಗಡಿಯಲ್ಲಿ ಹಳೆಯ ಟ್ಯೂಬ್ ಕೇಳಿ ತನ್ನಿ. ತೊಳೆದು, ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ತುಂಡುಗಳಾಗಿ ಕತ್ತರಿಸಿ, ಮುಂಗಾಲಿಗೆ ಎರಡು, ಹಿಮ್ಮಡಿಗೆ ಒಂದರಂತೆ ಸುತ್ತಲೂ ಹೊಲಿಯಿರಿ. ಹಾಗಿದ್ದೂ ಬಚ್ಚಲಿಗೆ, ಮೆಟ್ಟಿಲಿಗೆ ಇದನ್ನು ಹಾಕಿಕೊಂಡು ಹೋಗುವುದು ಬೇಡ.

ಒಗೆದ ಮೇಲೆ ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ಗಾಳಿಗೆ ಹರಡಿ. ಮಳೆಗಾಲದಲ್ಲಿ ಎಲ್ಲವನ್ನೂ ಬಚ್ಚಲ ಒಲೆಯ ಮೇಲೆ ಒಣಗಿಸುವ ರೂಢಿ ನಮ್ಮದು. ಅಕ್ರಿಲಿಕ್ ಬೆಂಕಿಯ ಕಾವಿಗೆ ಕರಗಿ ಗಟ್ಟಿಯಾಗುತ್ತದೆ, ಒಲೆಯಿಂದ ದೂರವೇ ಇರಲಿ.